ಫೋಟೋಗ್ರಫಿ ಓದಲು ಕಾಲೇಜಿಗೆ ಸೇರುತ್ತಿದ್ದೀರಾ? ಕ್ಯಾಮೆರಾ ಕೊಳ್ಳುವ ಮೊದಲು ಇಷ್ಟು ಓದಿ

"ಫೋಟೋ ತೆಗಿಯೋಕೂ ಕಾಲೇಜಿಗೆ ಹೋಗ್ಬೇಕಾ?"

ಪಿಯುಸಿ ಮುಗಿದ ಮೇಲೆ ಫೋಟೋಗ್ರಫಿ ಓದುತ್ತೇನೆ ಅಂದಾಗ ನಮ್ಮಪ್ಪ ಕೇಳಿದ್ದು ಇಷ್ಟೇ. ಬೈಯಲಿಲ್ಲ, ನಿಜವಾಗಲೂ ಅರ್ಥವಾಗದೆ ಕೇಳಿದರು. ನನ್ನ ಹತ್ತಿರವೂ ಉತ್ತರ ಇರಲಿಲ್ಲ. ನಮ್ಮೂರ ಬಸ್ ಸ್ಟ್ಯಾಂಡ್ ಪಕ್ಕದ ಸ್ಟುಡಿಯೋದವರು ಯಾವ ಕಾಲೇಜಿನ ಮೆಟ್ಟಿಲನ್ನೂ ಹತ್ತದೆ ಇಪ್ಪತ್ತು ವರ್ಷದಿಂದ ಸುತ್ತಮುತ್ತಲ ಮದುವೆಗಳನ್ನೆಲ್ಲ ತೆಗೆಯುತ್ತಿದ್ದರು. ಚೆನ್ನಾಗಿಯೇ ತೆಗೆಯುತ್ತಿದ್ದರು.

ಈಗ ಕೇಳಿದರೆ ಹೇಳಬಲ್ಲೆ. ಕ್ಯಾಮೆರಾ ನಡೆಸುವುದನ್ನು ಕಲಿಯಲು ಕಾಲೇಜು ಬೇಡ. ಅದು ಮೂರು ತಿಂಗಳ ಕೆಲಸ, ಯಾವುದಾದರೂ ಸ್ಟುಡಿಯೋದಲ್ಲಿ ಹುಡುಗನಾಗಿ ನಿಂತರೆ ಬಂದುಬಿಡುತ್ತದೆ. ಕಾಲೇಜಿನಲ್ಲಿ ಮಾಡಿಸುವುದು ಬೇರೆ: ಒಂದೇ ಜಾಗಕ್ಕೆ ಹತ್ತು ಸಲ ಹೋಗುವುದು, ತೆಗೆದ ನಾನೂರು ಫೋಟೋಗಳಲ್ಲಿ ಮುನ್ನೂರ ತೊಂಬತ್ತನ್ನು ಪಕ್ಕಕ್ಕಿಡುವುದು, ಉಳಿದ ಹತ್ತನ್ನು ಯಾಕೆ ಉಳಿಸಿಕೊಂಡೆ ಅಂತ ನಾಲ್ಕು ಜನರ ಮುಂದೆ ನಿಂತು ಹೇಳುವುದು. ಮಾರ್ಕ್ಸ್ ಬೀಳುವುದೂ ಇದಕ್ಕೇ. ಮೊದಲ ವರ್ಷ ನನಗಿದು ಗೊತ್ತಿರಲಿಲ್ಲ. ಯಾರಾದರೂ ಹೇಳಿದ್ದರೂ ಕಿವಿಗೆ ಹಾಕಿಕೊಳ್ಳಲಿಲ್ಲ ಅಂತ ಕಾಣುತ್ತದೆ.

ಹೆಜ್ಜೆ 1: ಯಾವ ಫೋಟೋಗ್ರಫಿ ಅಂತ ಮೊದಲು ಗೊತ್ತು ಮಾಡಿಕೊಳ್ಳಿ

ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ಓದು ಇವೆ.

ಒಂದು, ಚಿತ್ರಕಲಾ ಕಾಲೇಜಿನ ದಾರಿ. ಬಿಎಫ್ಎ ಅಥವಾ ಬಿವಿಎ, ಅಂದರೆ ಲಲಿತಕಲೆ ಅಥವಾ ದೃಶ್ಯಕಲೆಯ ಡಿಗ್ರಿ ಅನ್ನುತ್ತಾರೆ, ಸಾಮಾನ್ಯವಾಗಿ ನಾಲ್ಕು ವರ್ಷ. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ಅಂದರೆ ಎಲ್ಲರೂ 'ಕಾವಾ' ಅನ್ನುವ ಕಾಲೇಜಿನಲ್ಲಿ ಛಾಯಾಚಿತ್ರ ಮತ್ತು ಛಾಯಾಪತ್ರಿಕೋದ್ಯಮದ ವಿಭಾಗ ಇದೆ. ಪಕ್ಕದ ರಾಜ್ಯಕ್ಕೆ ಹೋಗುವುದಾದರೆ ಹೈದರಾಬಾದಿನ ಜವಾಹರಲಾಲ್ ನೆಹರೂ ವಾಸ್ತುಶಿಲ್ಪ ಮತ್ತು ಲಲಿತಕಲಾ ವಿಶ್ವವಿದ್ಯಾಲಯದಲ್ಲಿ ಫೋಟೋಗ್ರಫಿಯಲ್ಲೇ ಬಿಎಫ್ಎ ಮಾಡಬಹುದು. ಈ ದಾರಿಯಲ್ಲಿ ಡ್ರಾಯಿಂಗ್, ಕಲೆಯ ಇತಿಹಾಸ ಎಲ್ಲ ಜೊತೆಗೇ ಬರುತ್ತದೆ.

ಎರಡು, ಪತ್ರಿಕೋದ್ಯಮ ಅಥವಾ ವಿಶುವಲ್ ಕಮ್ಯುನಿಕೇಶನ್ ಡಿಗ್ರಿ. ಇಲ್ಲಿ ಫೋಟೋಗ್ರಫಿ ಒಂದೋ ಎರಡೋ ಪೇಪರ್ ಇರುತ್ತದೆ ಅಷ್ಟೇ. ಬರೆಯುವ ಆಸೆಯೂ ಇದ್ದರೆ ಇದು ಒಳ್ಳೆಯದು. ಬರೀ ಫೋಟೋ ಬೇಕು ಅನ್ನುವವರಿಗೆ ಸಾಲುವುದಿಲ್ಲ.

ಮೂರು, ಸಿನಿಮಾ ಛಾಯಾಗ್ರಹಣ. ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ಟಿವಿ ಸಂಸ್ಥೆಯಲ್ಲಿ ಡಿಪ್ಲೊಮಾ ಇದೆ. ಈ ಕೋರ್ಸ್ ಮೊದಲು ಬೆಂಗಳೂರಿನ ಎಸ್‌ಜೆ ಪಾಲಿಟೆಕ್ನಿಕ್‌ನಲ್ಲಿ ನಡೆಯುತ್ತಿತ್ತು. ಮೈಸೂರಿನ ವಿ.ಕೆ. ಮೂರ್ತಿ ಅಲ್ಲೇ ಕಲಿತು ಮುಂಬೈಗೆ ಹೋದವರು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು, ಕ್ಯಾಮೆರಾ ಹಿಡಿದವರೊಬ್ಬರಿಗೆ ಅದು ಬಂದದ್ದು ಅದೇ ಮೊದಲು. ಮನೆಯಲ್ಲಿ "ಇದೆಲ್ಲ ನಮ್ಮಂಥವರಿಗಲ್ಲ" ಅಂದರೆ ಈ ಹೆಸರು ಹೇಳಿ, ಸ್ವಲ್ಪ ಕೆಲಸ ಮಾಡುತ್ತದೆ.

ಡಿಗ್ರಿ ಆದಮೇಲೆ ಎನ್‌ಐಡಿ, ಅಂದರೆ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಗಾಂಧಿನಗರ ಕ್ಯಾಂಪಸ್‌ನಲ್ಲಿ ಫೋಟೋಗ್ರಫಿ ಡಿಸೈನ್ ಎಂ.ಡೆಸ್ (ಮಾಸ್ಟರ್ ಆಫ್ ಡಿಸೈನ್), ದೆಹಲಿಯ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ ವಿಶ್ವವಿದ್ಯಾಲಯದಲ್ಲಿ ಸ್ಟಿಲ್ ಫೋಟೋಗ್ರಫಿಯ ಪಿಜಿ ಡಿಪ್ಲೊಮಾ ಇವೆ. ಊಟಿಯ ಲೈಟ್ ಅಂಡ್ ಲೈಫ್ ಅಕಾಡೆಮಿ 2001ರಿಂದ ಜಾಹೀರಾತು ಫೋಟೋಗ್ರಫಿ ಕಡೆಯ ತರಬೇತಿ ಕೊಡುತ್ತಿದೆ. ಸರ್ಕಾರಿ ಕಾಲೇಜಿಗೂ ಖಾಸಗಿ ಸಂಸ್ಥೆಗೂ ಫೀಸಿನಲ್ಲಿ ಆಕಾಶ ಭೂಮಿಯಷ್ಟು ವ್ಯತ್ಯಾಸ, ಆ ವರ್ಷದ ಪ್ರಾಸ್ಪೆಕ್ಟಸ್ ನೋಡದೆ ಯಾರ ಮಾತನ್ನೂ ನಂಬಬೇಡಿ.

ಕಾಲೇಜು ನೋಡಲು ಹೋದಾಗ ಕಟ್ಟಡ ನೋಡಿ ಮರುಳಾಗಬೇಡಿ. ಕೊನೆಯ ವರ್ಷದವರ ಪ್ರದರ್ಶನ ಯಾವಾಗ ಅಂತ ಕೇಳಿ, ಆ ದಿನ ಹೋಗಿ. ಇಪ್ಪತ್ತು ಜನರ ಕೆಲಸ ಇಪ್ಪತ್ತು ಥರ ಇದೆಯಾ, ಎಲ್ಲರದ್ದೂ ಒಂದೇ ಅಚ್ಚಿನಲ್ಲಿ ಹೊಯ್ದ ಹಾಗಿದೆಯಾ? ಜೊತೆಗೆ ಹುಡುಗರನ್ನು ಪಕ್ಕಕ್ಕೆ ಕರೆದು ಕ್ಯಾಮೆರಾ ಎಷ್ಟಿವೆ, ಮನೆಗೆ ಕೊಡುತ್ತಾರಾ, ಸ್ಟುಡಿಯೋ ಬೀಗ ಯಾರ ಹತ್ತಿರ ಇರುತ್ತದೆ ಅಂತ ಕೇಳಿ. ಬೀಗದ ಪ್ರಶ್ನೆ ತಮಾಷೆಯಲ್ಲ. ನಾನು ಓದಿದಲ್ಲಿ ಒಳ್ಳೆಯ ಲೈಟುಗಳಿದ್ದವು, ಅವನ್ನು ಇಟ್ಟ ರೂಮಿನ ಬೀಗ ತೆಗೆದದ್ದು ವರ್ಷಕ್ಕೆ ಆರು ಸಲವೋ ಏನೋ.

ಹೆಜ್ಜೆ 2: ಪ್ರವೇಶಕ್ಕೆ ಡ್ರಾಯಿಂಗ್, ಜೊತೆಗೆ ಹನ್ನೆರಡು ಫೋಟೋ

ಫೋಟೋಗ್ರಫಿಗೆ ಸೇರಲು ಚಿತ್ರ ಬರೆಯಬೇಕಾ? ಕಲಾ ಕಾಲೇಜಾದರೆ ಹೌದು. ಹೆಚ್ಚಿನ ಕಡೆ ಮೊದಲ ವರ್ಷ ಪೇಂಟಿಂಗ್‌ನವರು, ಶಿಲ್ಪದವರು, ನಾವು ಎಲ್ಲ ಒಟ್ಟಿಗೆ ಕೂರುತ್ತೇವೆ. ಹೆದರಬೇಡಿ, ಯಾರೂ ರವಿವರ್ಮನನ್ನು ಹುಡುಕುತ್ತಿರುವುದಿಲ್ಲ. ಎರಡು ತಿಂಗಳು ದಿನಕ್ಕೊಂದು ಗಂಟೆ ಈರುಳ್ಳಿ, ಸ್ಟೀಲ್ ಚೊಂಬು, ಕುರ್ಚಿಯ ಮೇಲೆ ಎಸೆದ ಟವೆಲ್ ಇಷ್ಟನ್ನೇ ಪೆನ್ಸಿಲ್‌ನಲ್ಲಿ ಬರೆಯಿರಿ. ಟವೆಲಿನ ಮಡಿಕೆಯಲ್ಲಿ ನೆರಳು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಅಂತ ಬರೆದು ಬರೆದು ಗೊತ್ತಾದವರಿಗೆ ಆಮೇಲೆ ಲೈಟಿಂಗ್ ಕ್ಲಾಸಿನಲ್ಲಿ ಅರ್ಧ ಕೆಲಸ ಕಡಿಮೆ.

ಫೋಟೋ ತೋರಿಸಿ ಅಂದರೆ ಹನ್ನೆರಡರಿಂದ ಹದಿನೈದು ಸಾಕು. ಏನು ಬಿಡಬೇಕು ಅಂತ ಹೇಳುತ್ತೇನೆ: ಸೂರ್ಯಾಸ್ತ, ಹಿಂದೆಲ್ಲ ಮಸುಕಾದ ದಾಸವಾಳ, ಬೆಟ್ಟದ ತುದಿಯಲ್ಲಿ ಕೈ ಚಾಚಿ ನಿಂತ ಗೆಳೆಯ, ಮತ್ತೆ ದಯವಿಟ್ಟು, ರಸ್ತೆ ಬದಿಯ ಅಜ್ಜಿಯ ಸುಕ್ಕುಗಟ್ಟಿದ ಮುಖ. ಆ ಅಜ್ಜಿಯ ಹೆಸರು ಗೊತ್ತಾ ನಿಮಗೆ? ಗೊತ್ತಿದ್ದರೆ ಹಾಕಿ. ನಿಮ್ಮ ಮನೆಯ ಅಡುಗೆಮನೆ, ಅಣ್ಣನ ಗ್ಯಾರೇಜು, ಹಾಸ್ಟೆಲಿನ ಬಟ್ಟೆ ಒಣಹಾಕುವ ಹಗ್ಗ ಇವುಗಳಿಂದ ಆರು ಫೋಟೋ ತಂದವರನ್ನು ಸಂದರ್ಶನದಲ್ಲಿ ಜಾಸ್ತಿ ಹೊತ್ತು ಮಾತಾಡಿಸುತ್ತಾರೆ, ಯಾಕೆಂದರೆ ಮಾತಾಡಿಸಲು ಏನಾದರೂ ಇರುತ್ತದೆ.

ಹೆಜ್ಜೆ 3: ಕ್ಯಾಮೆರಾ

ಇದರ ಬಗ್ಗೆ ಎಲ್ಲರೂ ಜಾಸ್ತಿ ತಲೆ ಕೆಡಿಸಿಕೊಳ್ಳುತ್ತಾರೆ, ಹಾಗಾಗಿ ನಾನು ಬೇಗ ಮುಗಿಸುತ್ತೇನೆ. ಮೊದಲ ಮೂರು ತಿಂಗಳು ಫೋನಿನಲ್ಲೇ ತೆಗೆಯಿರಿ. ಕಾಲೇಜು ಏನು ಕೊಡುತ್ತದೆ ಅಂತ ನೋಡಿ ಆಮೇಲೆ ಕೊಳ್ಳಿ. ಸೆಕೆಂಡ್ ಹ್ಯಾಂಡ್ ಆದರೆ ಸಾಕು, ಜೊತೆಗೆ ಒಂದು ಕಿಟ್ ಲೆನ್ಸ್ (ಕ್ಯಾಮೆರಾ ಜೊತೆಗೇ ಬರುವಂಥದ್ದು), ಆಮೇಲೆ ಒಂದು 50 ಎಂಎಂ ಲೆನ್ಸ್. ಕೊಳ್ಳುವಾಗ ಶಟರ್ ಕೌಂಟ್, ಅಂದರೆ ಅದರಲ್ಲಿ ಇಲ್ಲಿಯವರೆಗೆ ಎಷ್ಟು ಫೋಟೋ ತೆಗೆದಿದ್ದಾರೆ ಅಂತ ಕೇಳಿ. ಲೆನ್ಸನ್ನು ಬೆಳಕಿಗೆ ಹಿಡಿದು ಒಳಗೆ ಜೇಡರ ಬಲೆಯಂಥ ಎಳೆ ಕಾಣುತ್ತದಾ ನೋಡಿ, ಕಂಡರೆ ಅದು ಫಂಗಸ್, ಬೆಲೆ ಎಷ್ಟೇ ಕಡಿಮೆ ಹೇಳಿದರೂ ವಾಪಸ್ ಕೊಡಿ.

ಮಲೆನಾಡು, ಕರಾವಳಿಯವರಿಗೆ ಇದು ಇನ್ನೂ ಮುಖ್ಯ. ಮಳೆಗಾಲದಲ್ಲಿ ಕ್ಯಾಮೆರಾವನ್ನು ಅದರ ಚಂದದ ಬ್ಯಾಗಿನಲ್ಲೇ ಬಿಟ್ಟರೆ ಫಂಗಸ್‌ಗೆ ನೀವೇ ಮನೆ ಕಟ್ಟಿಕೊಟ್ಟ ಹಾಗೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್. ಬಣ್ಣ ಬದಲಾಯಿಸುವ ಜಾತಿಯದ್ದು ತಂದರೆ ಯಾವಾಗ ಮತ್ತೆ ಒಣಗಿಸಬೇಕು ಅಂತ ಅದೇ ಹೇಳುತ್ತದೆ. ಎಡಿಟಿಂಗ್‌ಗೆ ಕದ್ದ ಸಾಫ್ಟ್‌ವೇರ್ ಬೇಡ, ಡಾರ್ಕ್‌ಟೇಬಲ್ ಮತ್ತು ಗಿಂಪ್ ಎರಡೂ ಪುಕ್ಕಟೆ ಸಿಗುತ್ತವೆ.

ಹೆಜ್ಜೆ 4: ಒಂದು ಕಿಟಕಿ, ಒಂದು ಚೊಂಬು

ಕ್ಲಾಸ್ ಶುರುವಾಗುವ ಮೊದಲೇ ಮನೆಯಲ್ಲಿ ಇದನ್ನು ಮಾಡಿ. ಕಿಟಕಿ ಪಕ್ಕ ಸ್ಟೂಲಿನ ಮೇಲೆ ಚೊಂಬು ಇಡಿ. ಬೆಳಗ್ಗೆ ಏಳಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ಐದೂವರೆಗೆ ಒಂದೊಂದು ಫೋಟೋ. ಸ್ಟೂಲ್ ಅಲುಗಾಡಬಾರದು. ಆಮೇಲೆ ಕಿಟಕಿಗೆ ಬಟರ್ ಪೇಪರ್ ಅಂಟಿಸಿ ಮತ್ತೊಂದು. ನೆರಳಿನ ಕಡೆ ಬಿಳಿ ಥರ್ಮಕೋಲ್ ಹಿಡಿದು ಇನ್ನೊಂದು, ಅದರ ಜಾಗದಲ್ಲಿ ಕಪ್ಪು ರಟ್ಟು ಹಿಡಿದು ಮಗದೊಂದು. ಆರು ಫೋಟೋ ಸಾಲಾಗಿ ಇಟ್ಟು ನೋಡಿದರೆ ಸಾಫ್ಟ್‌ಬಾಕ್ಸ್ (ಬೆಳಕನ್ನು ಮೆತ್ತಗೆ ಮಾಡುವುದು), ರಿಫ್ಲೆಕ್ಟರ್ (ಬೆಳಕನ್ನು ತಿರುಗಿಸಿ ಬೀರುವುದು) ಅಂತ ಸೆಮಿಸ್ಟರ್ ಪೂರ್ತಿ ಹೇಳುವುದರ ಸಾರ ಒಂದೇ ದಿನದಲ್ಲಿ ಕಣ್ಣಿಗೆ ಕಾಣುತ್ತದೆ.

ಎಕ್ಸ್‌ಪೋಷರ್, ಅಂದರೆ ಫೋಟೋಗೆ ಎಷ್ಟು ಬೆಳಕು ಬಿಡಬೇಕು ಅನ್ನುವುದರ ಬಗ್ಗೆ ಒಂದೇ ಸೂತ್ರ ಬಾಯಿಪಾಠ ಮಾಡಿ. ಚೆನ್ನಾಗಿ ಬಿಸಿಲಿರುವಾಗ ಅಪರ್ಚರ್ (ಲೆನ್ಸಿನ ಕಂಡಿ) ಎಫ್ 16 ಇಟ್ಟರೆ ಶಟರ್ ಸ್ಪೀಡ್ (ಬೆಳಕು ಒಳಗೆ ಬರುವ ಹೊತ್ತು), ಒಂದು ಸೆಕೆಂಡನ್ನು ನಿಮ್ಮ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಸಂಖ್ಯೆಯಿಂದ ಭಾಗಿಸಿದರೆ ಬರುವುದರ ಹತ್ತಿರದ್ದು. ಐಎಸ್‌ಒ 100 ಇದ್ದರೆ 1/125 ಸೆಕೆಂಡ್. ಫಿಲ್ಮ್ ಕಾಲದವರು ಬೆಳಕು ಅಳೆಯುವ ಮೀಟರ್ ಇಲ್ಲದೆ ಹೀಗೇ ತೆಗೆಯುತ್ತಿದ್ದರು. ಕ್ಯಾಮೆರಾದ ಮೀಟರ್ ಎಲ್ಲವನ್ನೂ ನಡುವಿನ ಬೂದು ಬಣ್ಣಕ್ಕೆ ತರಲು ನೋಡುತ್ತದೆ ಅನ್ನುವುದೂ ನೆನಪಿರಲಿ. ಇದರಿಂದ ನಾನು ತಿಂದ ಪೆಟ್ಟು ಮುಂದೆ ಹೇಳುತ್ತೇನೆ.

ಹೆಜ್ಜೆ 5: ನೋಟ್‌ಬುಕ್ ಇಡಿ, ಕನ್ನಡದಲ್ಲೇ ಇಡಿ

ರೆಕಾರ್ಡ್ ಬುಕ್ ಅಂತ ಕಾಲೇಜೇ ಒಂದು ಕೊಡುತ್ತದೆ. ಅದು ಮಾರ್ಕ್ಸಿಗೆ. ನಾನು ಹೇಳುತ್ತಿರುವುದು ಜೇಬಿನಲ್ಲಿ ಹಿಡಿಯುವ, ಬೆವರಿಗೆ ಒದ್ದೆಯಾಗುವ ಪುಸ್ತಕ. ಎಲ್ಲಿಗೆ ಹೋದೆ, ಎಷ್ಟು ಗಂಟೆ, ಬೆಳಕು ಯಾವ ಕಡೆಯಿಂದ ಬರುತ್ತಿತ್ತು, ಯಾರು ಏನಂದರು, ಯಾವ ಫೋಟೋ ತಪ್ಪಿಹೋಯಿತು.

ಕನ್ನಡ ಮೀಡಿಯಮ್‌ನಿಂದ ಬಂದವರು ಕ್ಲಾಸಿನಲ್ಲಿ ಇಂಗ್ಲಿಷ್ ಪದಗಳ ಮಳೆಗೆ ಹೆದರಿ ಬಾಯಿ ಮುಚ್ಚಿಕೊಂಡುಬಿಡುತ್ತಾರೆ. ನಾನೂ ಹಾಗೇ ಕೂತಿದ್ದೆ. ಆದರೆ ಬೆಳಕಿನ ವಿಷಯದಲ್ಲಿ ನಮ್ಮ ಹತ್ತಿರ ಇರುವ ಪದಗಳನ್ನು ಒಮ್ಮೆ ಎಣಿಸಿ: ಎಳೆಬಿಸಿಲು, ಸುಡುಬಿಸಿಲು, ಇಳಿಬಿಸಿಲು, ಹೊಂಬಿಸಿಲು, ಹೂಬಿಸಿಲು, ಮಬ್ಬು, ನಸುಕು, ಮುಸ್ಸಂಜೆ. ಹೂಬಿಸಿಲು ಅಂತ ಬರೆದಿಟ್ಟರೆ ಆರು ತಿಂಗಳು ಬಿಟ್ಟು ಓದಿದರೂ ಆ ದಿನದ ಬೆಳಕು ಕಣ್ಮುಂದೆ ಬರುತ್ತದೆ. 'ಸಾಫ್ಟ್ ಲೈಟ್' ಅಂತ ಬರೆದರೆ ಬರುವುದಿಲ್ಲ, ನನಗಂತೂ.

ಬೇರೆಯವರ ಕೆಲಸ ನೋಡಿದ್ದೂ ಈ ಪುಸ್ತಕಕ್ಕೆ ಬರಬೇಕು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ಮ್ಯಾಪ್ ಅನ್ನುವ ಕಲೆ ಮತ್ತು ಛಾಯಾಚಿತ್ರ ಮ್ಯೂಸಿಯಂಗೆ ಒಂದು ಪೂರ್ತಿ ದಿನ ಕೊಡಿ. ಮೈಸೂರಿನ ಪತ್ರಿಕಾ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ತೆಗೆದ ಮಕ್ಕಳ ಫೋಟೋಗಳನ್ನು ಎಲ್ಲಿ ಸಿಕ್ಕರೂ ಬಿಡದೆ ನೋಡಿ. ಕ್ಯಾಮೆರಾ ಹಿಡಿದವನು ಅಲ್ಲಿ ಇದ್ದಾನೆ ಅಂತ ಆ ಮಕ್ಕಳಿಗೆ ಗೊತ್ತೇ ಇಲ್ಲವೇನೋ ಅನ್ನಿಸುತ್ತದೆ, ಅಷ್ಟು ಹತ್ತಿರದಿಂದ ತೆಗೆದಿದ್ದರೂ. ಅದು ಹೇಗೆ ಸಾಧ್ಯ ಅಂತ ಯೋಚಿಸುವುದೇ ಒಂದು ಪಾಠ.

ಇನ್ನೊಂದು, ನನಗೆ ಬಹಳ ಇಷ್ಟವಾದದ್ದು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಅನ್ನುವ ಬ್ರಿಟಿಷ್ ಸೇನಾಧಿಕಾರಿ ಮೇಣ ಹಚ್ಚಿದ ಕಾಗದದ ದೊಡ್ಡ ನೆಗೆಟಿವ್‌ಗಳಲ್ಲಿ ಹಂಪಿಯ ಫೋಟೋ ತೆಗೆದ. ಸುಮಾರು ನೂರಿಪ್ಪತ್ತೈದು ವರ್ಷ ಆದಮೇಲೆ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಆ ಫೋಟೋಗಳನ್ನು ಹಿಡಿದುಕೊಂಡು ಬಂದು, ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ ಮತ್ತೆ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಇದನ್ನೇ ನಿಮ್ಮೂರಿಗೆ ಇಳಿಸಿಕೊಳ್ಳಿ: ಅಜ್ಜನ ಆಲ್ಬಮ್‌ನಲ್ಲಿರುವ ಪೇಟೆ ಬೀದಿಯ ಫೋಟೋ ತೆಗೆದುಕೊಂಡು ಅದೇ ಜಾಗದಲ್ಲಿ ನಿಂತು ನೋಡಿ. ಪ್ರಾಜೆಕ್ಟ್ ಸಿಗುತ್ತಿಲ್ಲ ಅನ್ನುವವರಿಗೆ ಇಗೋ, ಒಂದು ಸಿಕ್ಕಿತು.

ಹೆಜ್ಜೆ 6: ಪ್ರಾಜೆಕ್ಟ್, ಅಂದರೆ ನನ್ನ ರಾಗಿ ಮಿಲ್ಲಿನ ಕಥೆ

ಮೂರನೇ ವರ್ಷ ಆರು ತಿಂಗಳ ಪ್ರಾಜೆಕ್ಟ್. ಒಬ್ಬ ಹಂಪಿ ಅಂದ, ಇನ್ನೊಬ್ಬಳು ಹುಲಿವೇಷ ಅಂದಳು, ನನಗೆ ಬಸ್ ಚಾರ್ಜಿಗೂ ಲೆಕ್ಕ ಹಾಕಬೇಕಿತ್ತು, ಹಾಗಾಗಿ ನಮ್ಮೂರ ಹಿಟ್ಟಿನ ಮಿಲ್ಲು ಅಂದೆ. ಒಂದು ಭಾನುವಾರ ಹೋಗಿ ನಾನೂರ ಚಿಲ್ಲರೆ ಫೋಟೋ ತೆಗೆದುಕೊಂಡು ಬಂದೆ. ನಮ್ಮ ಮೇಷ್ಟ್ರು ಲ್ಯಾಪ್‌ಟಾಪಿನಲ್ಲಿ ಸರಸರ ಓಡಿಸಿ ನೋಡಿದರು.

"ಇದು ಯಾವೂರ ಮಿಲ್ಲು?"

"ನಮ್ಮೂರದು ಸಾರ್."

"ಹಾಗಂತ ಫೋಟೋ ಹೇಳ್ತಿಲ್ವಲ್ಲ."

ಅವಮಾನ ಆಯಿತು. ಆದರೆ ನಿಜ. ಮಿಷನ್ನು, ಬೆಲ್ಟು, ಮೂಟೆ, ಎಲ್ಲ ಇತ್ತು. ಅಕ್ಕಿ ಹಿಟ್ಟಿನ ರಾಶಿ ಒಲೆಯ ಬೂದಿಯ ಹಾಗೆ ಬಂದಿತ್ತು, ಮೀಟರ್ ಹೇಳಿದ್ದನ್ನು ನಂಬಿ ತೆಗೆದಿದ್ದಕ್ಕೆ. ಬಿಳಿ ತುಂಬಿದ ಕಡೆ ಎಕ್ಸ್‌ಪೋಷರನ್ನು ಒಂದು ಸ್ಟಾಪ್, ಅಂದರೆ ಬೆಳಕು ಎರಡರಷ್ಟಾಗುವಷ್ಟು, ಮೇಲಕ್ಕೆ ಏರಿಸಬೇಕು. ಕತ್ತಲ ಗೋಡೆಯ ಮುಂದೆ ಹಿಟ್ಟು ಮೆತ್ತಿಕೊಂಡ ಮನುಷ್ಯ ನಿಂತಾಗ ಉಲ್ಟಾ, ಇಳಿಸಬೇಕು. ಪುಸ್ತಕದಲ್ಲಿ ಓದಿದ್ದೆ, ಕೈಗೆ ಬಂದಿರಲಿಲ್ಲ.

ಎರಡನೇ ಸಲ ಹೋದಾಗ ಇನ್ನೂ ದೊಡ್ಡ ತಪ್ಪು. ಮಿಲ್ಲಿನ ಒಳಗೇ ನಿಂತು ಲೆನ್ಸ್ ಬದಲಾಯಿಸಿದೆ! ಗಾಳಿಯಲ್ಲಿ ಹಿಟ್ಟು ತೇಲುತ್ತಿರುವ ಜಾಗ. ಅಲ್ಲಿಂದ ಮುಂದೆ ಪ್ರತಿ ಫೋಟೋದಲ್ಲೂ ಒಂದೇ ಜಾಗದಲ್ಲಿ ಹನ್ನೊಂದು ಕಪ್ಪು ಚುಕ್ಕೆ. ಕ್ಯಾಮೆರಾದ ಒಳಗೆ ಚಿತ್ರ ಹಿಡಿಯುವ ಸೆನ್ಸರ್ ತೊಳೆಸಲು ಕೊಟ್ಟ ದುಡ್ಡು ಅಪ್ಪನಿಗೆ ಇವತ್ತಿಗೂ ಹೇಳಿಲ್ಲ. ಧೂಳಿನ ಜಾಗಕ್ಕೆ ಹೋಗುವಾಗ ಒಂದೇ ಲೆನ್ಸ್ ಹಾಕಿಕೊಂಡು ಹೋಗಿ, ಕ್ಯಾಮೆರಾಕ್ಕೆ ಪ್ಲಾಸ್ಟಿಕ್ ಕವರ್ ಸುತ್ತಿ ಲೆನ್ಸಿನ ಮೂತಿ ಮಾತ್ರ ಹೊರಗೆ ಬಿಡಿ.

ಮೂರನೇ ಸಲ ಮಿಲ್ಲಿನವರೇ ದಾರಿ ತೋರಿಸಿದರು. ಬಾಗಿಲಲ್ಲಿ ನಿಂತಿದ್ದೆ. "ರಾಗಿ ತಂದಿಲ್ವಾ? ಮತ್ಯಾಕಪ್ಪ ಸುಮ್ನೆ ದಾರಿಗಡ್ಡ ನಿಂತಿದೀಯಾ" ಅಂದರು. ಮುಂದಿನ ವಾರ ಅಮ್ಮ ಕೊಟ್ಟ ಐದು ಕೆಜಿ ರಾಗಿ ಹಿಡಿದುಕೊಂಡು ಹೋಗಿ ಎಲ್ಲರ ಹಾಗೆ ಸಾಲಿನಲ್ಲಿ ಚೀಲ ಇಟ್ಟು ಕೂತೆ. ಕ್ಯಾಮೆರಾ ತೊಡೆಯ ಮೇಲೆ. ಅವತ್ತು ತೆಗೆದದ್ದು ಬರೀ ಒಂಬತ್ತು ಫೋಟೋ, ಆದರೆ ನೋಡಿದ್ದು ಬಹಳ. ಹಿಟ್ಟು ಬೀಳುವ ಬಾಯಿಗೆ ಕಟ್ಟಿದ ಬಟ್ಟೆಯ ಚೀಲ ಉಬ್ಬುತ್ತದೆ, ಸೊರಗುತ್ತದೆ. ಹೊಸ ಹಿಟ್ಟು ಬಿಸಿ ಇರುತ್ತದೆ, ಹಾಗಾಗಿ ಹೆಂಗಸರು ಕೂಡಲೇ ಚೀಲದ ಬಾಯಿ ಕಟ್ಟದೆ ಅಗಲಿಸಿ ಇಟ್ಟು ಮಾತಿಗೆ ಕೂರುತ್ತಾರೆ. ಮಿಲ್ಲಿನವರು ಪ್ರತಿ ಸಲ ಬೀಳುತ್ತಿರುವ ಹಿಟ್ಟಿಗೆ ಕೈಯೊಡ್ಡಿ ಒಂದು ಚಿಟಿಕೆ ತೆಗೆದು ಹೆಬ್ಬೆಟ್ಟು, ತೋರುಬೆರಳ ನಡುವೆ ಉಜ್ಜಿ ನೋಡುತ್ತಾರೆ, ಆಮೇಲೆ ಇನ್ನೊಂದು ಕೈಯಲ್ಲಿ ತಿರುಗಣೆ ಒಂದಿಷ್ಟು ಬಿಗಿ ಮಾಡುತ್ತಾರೆ. ಕಣ್ಣು ಬೇರೆಲ್ಲೋ ಇರುತ್ತದೆ, ಯಾರ ಜೊತೆಗೋ ಮಾತಾಡುತ್ತಿರುತ್ತಾರೆ. ಬೆರಳಿಗೇ ಗೊತ್ತು.

ನಾನೂರು ಫೋಟೋದಲ್ಲಿ ಆ ಬೆರಳು ಒಂದರಲ್ಲೂ ಇರಲಿಲ್ಲ.

ಆಮೇಲೆ ಏಳೋ ಎಂಟೋ ಸಲ ಹೋದೆ. ನಮ್ಮ ಮನೆಯಲ್ಲಿ ಆ ವರ್ಷ ರಾಗಿ ಹಿಟ್ಟಿಗೆ ಬರ ಇರಲಿಲ್ಲ. ಮಾಡಿನ ಗಾಜಿನ ಹೆಂಚಿನಿಂದ ಬಿಸಿಲುಕೋಲು ಇಳಿದು ಸರಿಯಾಗಿ ಹಿಟ್ಟು ಬೀಳುವ ಜಾಗಕ್ಕೆ ಬರುವುದು ಫೆಬ್ರವರಿಯಲ್ಲಿ ಹತ್ತೂವರೆಯಿಂದ ಹನ್ನೊಂದೂಕಾಲರವರೆಗೆ ಮಾತ್ರ, ಇದು ನನ್ನ ಜೇಬಿನ ಪುಸ್ತಕ ಹೇಳಿದ್ದು. ಆ ಹೊತ್ತಿಗೆ 50 ಎಂಎಂ ಲೆನ್ಸ್. ಬೆಲ್ಟು ಓಡುವುದನ್ನು ತೋರಿಸಲು ಕ್ಯಾಮೆರಾವನ್ನು ಮೂಟೆಯ ಮೇಲೆ ಒತ್ತಿಟ್ಟು ಶಟರ್ ಸ್ಪೀಡ್ 1/15 ಸೆಕೆಂಡ್. ಈ ಅಂಕಿಗಳು ನಿಮಗೆ ಉಪಯೋಗವಿಲ್ಲ, ನಿಮ್ಮ ಜಾಗದ ಬೆಳಕೇ ಬೇರೆ. ಉಪಯೋಗ ಇರುವುದು ಹತ್ತೂವರೆಗೆ ಅಲ್ಲಿರಬೇಕು ಅನ್ನುವುದು ಗೊತ್ತಿರುವುದರಲ್ಲಿ.

ಹಾಗಾಗಿ ಪ್ರಾಜೆಕ್ಟ್ ಆರಿಸುವಾಗ: ನಡೆದೋ ಸೈಕಲ್ಲಿನಲ್ಲೋ ಹೋಗಿಬರುವಷ್ಟು ಹತ್ತಿರ ಇರಲಿ, ಅಲ್ಲಿ ಕೂರಲು ನಿಮಗೊಂದು ನೆಪ ಇರಲಿ, ಮತ್ತು ಮೊದಲ ಎರಡು ಸಲ ತೆಗೆದದ್ದು ಕಸ ಅಂತ ಲೆಕ್ಕ ಹಾಕಿಯೇ ದಿನ ಎಣಿಸಿ. ಕೇಳಿ ತೆಗೆಯಿರಿ. ಮಕ್ಕಳಾದರೆ ಅಪ್ಪ ಅಮ್ಮನನ್ನು ಕೇಳಿ. ಬೇಲೂರು, ಪಟ್ಟದಕಲ್ಲಿನಂಥ ಪುರಾತತ್ವ ಇಲಾಖೆಯ ಜಾಗಗಳಲ್ಲಿ ಟ್ರೈಪಾಡ್ ಇಡಲು ಮೊದಲೇ ಅನುಮತಿ ಬೇಕು, ಕಾಲೇಜಿನಿಂದ ಪತ್ರ ಬರೆಸಿಕೊಳ್ಳಿ, ಗೇಟಿನಲ್ಲಿ ವಾದ ಮಾಡಿ ಪ್ರಯೋಜನವಿಲ್ಲ.

ಹೆಜ್ಜೆ 7: ಎಸೆಯುವುದು

ತೆಗೆಯುವುದಕ್ಕಿಂತ ಕಷ್ಟ ಇದು. ಸ್ಕ್ರೀನಿನ ಮೇಲೆ ಆಗುವುದಿಲ್ಲ. ಚೆನ್ನಾಗಿವೆ ಅನ್ನಿಸಿದ ನಲವತ್ತನ್ನು ಕಡಿಮೆ ಖರ್ಚಿನಲ್ಲಿ ಪುಟ್ಟದಾಗಿ ಪ್ರಿಂಟ್ ಹಾಕಿಸಿ, ಹಾಸ್ಟೆಲ್ ರೂಮಿನ ನೆಲದ ಮೇಲೆ ಹರಡಿ, ಮೂರು ದಿನ ಹಾಗೇ ಬಿಡಿ. ಓಡಾಡುವಾಗ ಕಣ್ಣಿಗೆ ಬೀಳುತ್ತಿರಲಿ. ಒಂದೇ ಮಾತು ಹೇಳುವ ಎರಡು ಫೋಟೋ ಇದ್ದರೆ ಒಂದನ್ನು ತೆಗೆದುಹಾಕಿ. ಬಹಳ ಕಷ್ಟಪಟ್ಟು ತೆಗೆದದ್ದು ಅನ್ನುವ ಕಾರಣಕ್ಕೆ ಉಳಿದಿರುವುದನ್ನು ಮೊದಲು ತೆಗೆದುಹಾಕಿ, ನಿಮ್ಮ ಕಷ್ಟ ಗೋಡೆಯ ಮೇಲೆ ಕಾಣುವುದಿಲ್ಲ.

ಕ್ಲಾಸಿನಲ್ಲಿ ಎಲ್ಲರೂ ಕೂತು ಒಬ್ಬರ ಕೆಲಸ ನೋಡುವ ದಿನ ಇರುತ್ತದಲ್ಲ, ಅವತ್ತು ಒಂದು ಉಪಾಯ ಮಾಡಿ. ಮೊದಲ ಐದು ನಿಮಿಷ ನೀವು ಬಾಯಿ ಬಿಡಬೇಡಿ. ಉಳಿದವರು ಫೋಟೋದಲ್ಲಿ ಏನು ಕಾಣುತ್ತದೆ ಅಂತ ಹೇಳಲಿ, ನೀವು ಬರೆದುಕೊಳ್ಳಿ. ನೀವು ಅಂದುಕೊಂಡದ್ದು ಅವರಿಗೆ ಕಾಣಲಿಲ್ಲ ಅಂದರೆ ಅದು ಫೋಟೋದಲ್ಲಿಲ್ಲ, ನಿಮ್ಮ ತಲೆಯಲ್ಲಿದೆ. "ಸೂಪರ್ ಮಗಾ" ಅನ್ನುವ ಗೆಳೆಯರ ಮಾತು ಲೆಕ್ಕಕ್ಕಿಲ್ಲ. ನನಗೆ ಅತಿ ಹೆಚ್ಚು ಉಪಯೋಗವಾದ ಮಾತು ಹೇಳಿದ್ದು ಅಮ್ಮ: "ಇಷ್ಟೊಂದು ಮೂಟೆ ಯಾಕೋ, ಗೋಡೌನಾ ಇದು?" ಮೂಟೆಯ ಏಳು ಫೋಟೋ ಅವತ್ತೇ ಹೋದವು.

ಫೈಲುಗಳನ್ನು ಮೂರು ಕಡೆ ಇಡಿ, ಅದರಲ್ಲಿ ಒಂದು ಬೇರೆ ಮನೆಯಲ್ಲೋ ಕ್ಲೌಡಿನಲ್ಲೋ ಇರಲಿ. ನಮ್ಮ ಕ್ಲಾಸಿನವನೊಬ್ಬನ ಹಾರ್ಡ್ ಡಿಸ್ಕ್ ಸಬ್ಮಿಷನ್‌ಗೆ ಎಂಟು ದಿನ ಇರುವಾಗ ಮಂಚದಿಂದ ಬಿತ್ತು. ಅಷ್ಟೇ ಎತ್ತರ.

ಹೆಜ್ಜೆ 8: ಪ್ರಿಂಟ್

ಫೋನಿನಲ್ಲಿ ಹೊಳೆದ ಫೋಟೋ ಕಾಗದದ ಮೇಲೆ ಕಪ್ಪಗೆ ಬರುತ್ತದೆ. ಕಾರಣ ನಿಮ್ಮ ಸ್ಕ್ರೀನಿನ ಬ್ರೈಟ್‌ನೆಸ್. ಅದನ್ನು ಅರ್ಧಕ್ಕೆ ಇಳಿಸಿಕೊಂಡು ಎಡಿಟ್ ಮಾಡಿ, ಲ್ಯಾಬಿನಲ್ಲಿ ಮೊದಲು ಒಂದೇ ಫೋಟೋವನ್ನು ಬೇರೆ ಬೇರೆ ಬ್ರೈಟ್‌ನೆಸ್‌ನಲ್ಲಿ ನಾಲ್ಕು ತುಂಡು ಪುಟ್ಟದಾಗಿ ಪ್ರಿಂಟ್ ಹಾಕಿಸಿ, ಹಗಲು ಬೆಳಕಿನಲ್ಲಿ ನೋಡಿ ಆರಿಸಿ, ಆಮೇಲೆ ದೊಡ್ಡದಕ್ಕೆ ದುಡ್ಡು ಕೊಡಿ. 24 ಮೆಗಾಪಿಕ್ಸೆಲ್ ಫೈಲಿನಲ್ಲಿ ಒಂದು ಇಂಚಿಗೆ 300 ಚುಕ್ಕೆ ಲೆಕ್ಕದಲ್ಲೂ 13 ಇಂಚು ಅಗಲ, 20 ಇಂಚು ಉದ್ದ ಆರಾಮಾಗಿ ಬರುತ್ತದೆ, ಹಾಗಾಗಿ 12-18 ಸೈಜಿಗೆ ಹೊಸ ಕ್ಯಾಮೆರಾ ಬೇಕು ಅಂತ ಯಾರಾದರೂ ಅಂದರೆ ಕೇಳಬೇಡಿ.

ಡಾರ್ಕ್‌ರೂಮ್ (ಫಿಲ್ಮ್ ತೊಳೆದು ಪ್ರಿಂಟ್ ಮಾಡುವ ಕತ್ತಲಕೋಣೆ) ಇಲ್ಲದ ಕಾಲೇಜಾದರೆ ಸಯನೋಟೈಪ್ ಅನ್ನುವ ಹಳೆಯ ಮುದ್ರಣ ವಿಧಾನ ಮಾಡಿ ನೋಡಿ. 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದದ್ದು. ಎರಡು ರಾಸಾಯನಿಕ ಬೆರೆಸಿ ಕಾಗದಕ್ಕೆ ಹಚ್ಚಿ, ಮಬ್ಬುಗತ್ತಲಲ್ಲಿ ಒಣಗಿಸಿ, ಮೇಲೆ ಎಲೆಯನ್ನೋ ಪಾರದರ್ಶಕ ಹಾಳೆಯ ಮೇಲೆ ಮುದ್ರಿಸಿದ ನೆಗೆಟಿವನ್ನೋ ಇಟ್ಟು ಬಿಸಿಲಿಗೆ ಹಿಡಿದು, ನೀರಿನಲ್ಲಿ ತೊಳೆದರೆ ಗಾಢ ನೀಲಿ ಚಿತ್ರ. ಬಿಸಿಲಿಗೆ ನಮ್ಮಲ್ಲಿ ದುಡ್ಡು ಕೊಡಬೇಕಿಲ್ಲವಲ್ಲ. ಕೈಗೆ ಗ್ಲೌಸ್ ಮರೆಯಬೇಡಿ.

ಹೆಜ್ಜೆ 9: ವೈವಾ

ವೈವಾ ಅಂದರೆ ಮೌಖಿಕ ಪರೀಕ್ಷೆ. ಹೊರಗಿನಿಂದ ಬಂದ ಪರೀಕ್ಷಕರು ಲೆನ್ಸ್ ಯಾವುದು ಅಂತ ಕೇಳುವುದು ಅಪರೂಪ. "ಇದು ಯಾಕೆ ಮೊದಲು, ಅದು ಯಾಕೆ ಕೊನೆಗೆ?" "ಮುಖ ಯಾಕಿಲ್ಲ?" ಇಂಥವು ಬರುತ್ತವೆ. ಜೇಬಿನ ಪುಸ್ತಕ ಜೊತೆಗಿರಲಿ, ತೆರೆದು ತೋರಿಸಿ. ಗೋಡೆಯ ಮೇಲೆ ಹಾಕುವ ಬರಹ ನೂರೈವತ್ತು ಪದ ಮೀರಬಾರದು. 'ಶ್ರಮಿಕರ ಬದುಕಿನ ಬವಣೆ', 'ಮರೆಯಾಗುತ್ತಿರುವ ಸಂಸ್ಕೃತಿ' ಅಂತೆಲ್ಲ ಬರೆಯಬೇಡಿ. ನಮ್ಮೂರ ಮಿಲ್ಲಿನವರಿಗೆ ಬವಣೆ ಏನೂ ಇರಲಿಲ್ಲ, ನಮ್ಮಪ್ಪನಿಗಿಂತ ಜಾಸ್ತಿ ಸಂಪಾದಿಸುತ್ತಿದ್ದರು. ನಾನು ಬರೆದದ್ದು ಬೆರಳಿನ ಬಗ್ಗೆ ಆರು ಸಾಲು, ಕನ್ನಡದಲ್ಲಿ. ಪಕ್ಕದಲ್ಲಿ ಗೆಳತಿ ಮಾಡಿಕೊಟ್ಟ ಇಂಗ್ಲಿಷ್.

ಜೊತೆಜೊತೆಗೇ: ದುಡಿಮೆ

ಎರಡನೇ ವರ್ಷದಿಂದ ಮದುವೆ ಸೀಸನ್‌ನಲ್ಲಿ ಸೆಕೆಂಡ್ ಶೂಟರ್, ಅಂದರೆ ಮುಖ್ಯ ಫೋಟೋಗ್ರಾಫರ್ ಜೊತೆಗಿನ ಎರಡನೆಯವರಾಗಿ ಹೋಗಿ, ನಾಚಿಕೆ ಬೇಡ. ಕ್ಲಾಸಿನಲ್ಲಿ ಕೆಲವರು ಮದುವೆ ಫೋಟೋ ಅಂದರೆ ಮೂಗು ಮುರಿಯುತ್ತಾರೆ. ಮುಹೂರ್ತದ ಹೊತ್ತಿಗೆ ಐವತ್ತು ಜನ ಅಕ್ಷತೆ ಎಸೆಯುತ್ತಾ ಅಡ್ಡ ಬರುವಾಗ ಮಾಂಗಲ್ಯದ ಫೋಟೋ ತಪ್ಪದೆ ತೆಗೆದು ತೋರಿಸಲಿ ಅವರು. ಒಂದು ವಿಷಯ ಗೊತ್ತಿರಲಿ: 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ದುಡ್ಡು ಕೊಟ್ಟು ಹೇಳಿ ತೆಗೆಸಿದ ಫೋಟೋದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರದ್ದು. ನೀವಾಗಿ ತೆಗೆದ ಪ್ರಾಜೆಕ್ಟ್ ಫೋಟೋ ನಿಮ್ಮದು. ಮದುವೆಯ ಫೋಟೋಗಳನ್ನು ಪೋರ್ಟ್‌ಫೋಲಿಯೋಗೆ ಹಾಕಬೇಕಾದರೆ ಮೊದಲೇ ಮಾತಾಡಿಕೊಂಡು ಎರಡು ಸಾಲು ಬರೆಸಿಕೊಳ್ಳಿ.

ಕೊನೆಗೆ, ಯಾರ ಫೋಟೋ ತೆಗೆದಿರೋ ಅವರಿಗೆ ಒಂದು ಪ್ರಿಂಟ್ ಕೊಡಿ. ಪ್ರದರ್ಶನ ಮುಗಿದ ಮೇಲೆ ನಾನು ಆ ಬೆರಳಿನ ಫೋಟೋವನ್ನು ಕಟ್ಟು ಹಾಕಿಸಿಕೊಂಡು ಮಿಲ್ಲಿಗೆ ಹೋದೆ. ಅವರು ಕೈ ಒರೆಸಿಕೊಂಡು ಹಿಡಿದು ತುಂಬಾ ಹೊತ್ತು ನೋಡಿದರು.

"ಕೈಯೇನೋ ನಂದೇ. ಮುಖ ಎಲ್ಲೋಯ್ತು?"

ಆಮೇಲೆ ಗೊತ್ತಾಯಿತು, ಅವರಿಗೆ ಬೇಕಿದ್ದದ್ದು ಬ್ಯಾಂಕಿಗೆ ಕೊಡಲು ಪಾಸ್‌ಪೋರ್ಟ್ ಸೈಜು. ಬಾಗಿಲ ಹತ್ತಿರ ನೆರಳಿನ ಬೆಳಕಿಗೆ ನಿಲ್ಲಿಸಿದೆ. ಹಿಂದಿನ ಗೋಡೆ ವರ್ಷಗಳ ಹಿಟ್ಟಿಗೆ ಮೊದಲೇ ಬೆಳ್ಳಗಿತ್ತು, ಎಕ್ಸ್‌ಪೋಷರ್ ಒಂದು ಸ್ಟಾಪ್ ಏರಿಸಿದೆ, ಎಂಟು ಕಾಪಿ ಪ್ರಿಂಟ್ ಹಾಕಿಸಿಕೊಟ್ಟೆ. ಆ ವಾರ ಅಪ್ಪ ಹಿಟ್ಟು ಮಾಡಿಸಲು ಹೋದಾಗ ಅವರು ಹೇಳಿದರಂತೆ, "ನಿಮ್ ಹುಡ್ಗ ಕಾಲೇಜಲ್ಲಿ ಚೆನ್ನಾಗೇ ಕಲ್ತವ್ನೆ ಕಣಣ್ಣ, ಬ್ಯಾಂಕ್‌ನೋರು ಒಂದೇ ಸಲಕ್ಕೆ ಒಪ್ಕೊಂಡ್ರು."